ಬಲಕ್ಕೆ ಅಂಚು ಬಿಟ್ಟ ಹಾಳೆಗಳು

ರಾಮನಗರ
ಶನಿವಾರ, ಮಧ್ಯಾಹ್ನ

ನನ್ನ ಭಾನು,

ಒಂದೇ ಸೂರಿನ ಕೆಳಗೆ ಮಲಗಿ ಏಳುವವರು ಕಾಗದ ಬರೆದುಕೊಳ್ಳುವುದು ನಿನಗೆ ವಿಚಿತ್ರ ಅನ್ನಿಸಬಹುದು. ಆದರೆ ಸೋಮವಾರದಿಂದ ನೀನು ನನ್ನ ಜೊತೆ ಮಾತಾಡಿಲ್ಲ. ತಟ್ಟೆ ಇಟ್ಟರೆ ಉಣ್ಣುತ್ತೀಯ, ಎದ್ದು ಹೋಗುತ್ತೀಯ. ಅಂದು ಕಾಲೇಜಿನಿಂದ ಬಂದವಳು ಬ್ಯಾಗನ್ನೂ ಇಳಿಸದೆ ಹೊಸಿಲ ಮೇಲೆ ನಿಂತು ಕೇಳಿದೆ: "ಚಿಕ್ಕಮ್ಮ, ನಮ್ಮವ್ವ ನನ್ನ ಬ್ಯಾಡ ಅಂತ ಹೆಬ್ಬೆಟ್ಟು ಒತ್ತಿದ್ಲಂತೆ. ನಿಜವಾ?" ನಿಮ್ಮಪ್ಪ ದೇವರಾಜು ಕಾಲೇಜಿನ ಗೇಟಿನ ಹತ್ತಿರ ಕಾದಿದ್ದು ನಿನ್ನ ಕಿವಿಗೆ ಹಾಕಿದ ಮಾತು ಅದು. ನಾನು ಬಾಯಿ ತೆರೆಯುವಷ್ಟರಲ್ಲಿ ನಿನ್ನಜ್ಜಿ ಅಳಲು ಶುರುಮಾಡಿದಳು. ಆ ಅಳುವನ್ನೇ ನೀನು ಹೌದು ಎಂದುಕೊಂಡೆ.

ಬಾಯಲ್ಲಿ ಹೇಳಲು ಹೋದರೆ ನಾನೂ ಅತ್ತುಬಿಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ನಿಮ್ಮವ್ವ ಪ್ರತಿಮಾಳನ್ನು ಹೊಂಗನೂರಿಗೆ ಕೊಟ್ಟಾಗ ನಾನಿನ್ನೂ ಹೈಸ್ಕೂಲಿನಲ್ಲಿದ್ದೆ. ಅದು ರೇಷ್ಮೆಹುಳು ಸಾಕುವ ಮನೆ. ಹಿಪ್ಪುನೇರಳೆ ಸೊಪ್ಪು ಕೊಯ್ಯುವುದು, ತಟ್ಟೆ ಬದಲಾಯಿಸುವುದು, ಗೂಡು ಬಿಡಿಸುವುದು, ಎಲ್ಲದರಲ್ಲೂ ಅಕ್ಕ ಮುಂದು. ನೀನು ಹುಟ್ಟಿ ಮೂರ್ನಾಲ್ಕು ವರ್ಷಕ್ಕೆ ಬಿಡದಿ ಕಡೆ ಕಂಪನಿಗಳು ಒಂದರ ಹಿಂದೊಂದು ಎದ್ದವು. ಬೆಳಗಾದರೆ ಚನ್ನಪಟ್ಟಣದ ಸರ್ಕಲ್ಲಿನಲ್ಲಿ ಕಂಪನಿ ಬಸ್ಸುಗಳು ಹೆಂಗಸರಿಗೆ ಕಾದು ನಿಲ್ಲುತ್ತಿದ್ದವು. ನಿಮ್ಮಪ್ಪನೇ ಅಕ್ಕನನ್ನು ಕಂಟ್ರಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ ಸೇರಿಸಿದ. ಕಾರಿಗೆ ಬೇಕಾದ ತಗಡಿನ ಬಿಲ್ಲೆಗಳನ್ನು ಪ್ರೆಸ್ಸಿನಲ್ಲಿ ಒತ್ತುವ ಕೆಲಸ.

ಆ ಮೆಷಿನ್ನು ಕೆಳಗಿಳಿಯಬೇಕಾದರೆ ಎರಡು ಗುಂಡಿಗಳನ್ನು ಎರಡೂ ಕೈಯಿಂದ ಒಟ್ಟಿಗೇ ಒತ್ತಬೇಕು. ಕೈ ಒಳಗೆ ಉಳಿಯಬಾರದೆಂದೇ ಹಾಗೆ ಮಾಡಿರುತ್ತಾರೆ. ಆದರೆ ಕೆಲಸ ಬೇಗ ಸಾಗಲೆಂದು ಒಂದು ಗುಂಡಿಯನ್ನು ಒತ್ತಿದಂತೆಯೇ ಟೇಪಿನಿಂದ ಬಿಗಿದು ಬಿಟ್ಟಿದ್ದರು. ಬಿಲ್ಲೆ ಸೊಟ್ಟಗೆ ಕೂತಿತೆಂದು ಅಕ್ಕ ಬಲಗೈ ಹಾಕಿ ಸರಿಮಾಡಿದಳು. ಎಡಗೈ ರೂಢಿಯ ಮೇಲೆ ಇನ್ನೊಂದು ಗುಂಡಿಯನ್ನು ಒತ್ತಿತು. ಬಲಗೈಯ ಐದೂ ಬೆರಳು ಹೋದವು.

ಆಸ್ಪತ್ರೆಯಲ್ಲಿ ಅವಳಿಗೆ ಇನ್ನೂ ಮಂಪರು ಇಳಿದಿರಲಿಲ್ಲ. ಕಂಪನಿಯ ಕಡೆಯವನೊಬ್ಬ ಬಂದು ಎಡಗೈ ಹೆಬ್ಬೆಟ್ಟಿಗೆ ಮಸಿ ಹಚ್ಚಿ ಒಂದು ಕಾಗದಕ್ಕೆ ಒತ್ತಿಸಿಕೊಂಡು ಹೋದ. ಅಜ್ಜಿ ಪಕ್ಕದಲ್ಲೇ ಇದ್ದಳು. ಆಸ್ಪತ್ರೆಯ ಖರ್ಚಿನ ಕಾಗದವೆಂದುಕೊಂಡಳು. ತಪ್ಪೆಲ್ಲ ತನ್ನದೇ, ಕಂಪನಿಯದೇನೂ ಇಲ್ಲ ಎಂದು ಅದರಲ್ಲಿ ಬರೆದಿತ್ತೆಂದು ಆಮೇಲೆ ಗೊತ್ತಾಯಿತು. ಅಕ್ಕ ಏಳನೇ ಕ್ಲಾಸಿನವರೆಗೆ ಓದಿದವಳು, ಮುತ್ತಿನಂತೆ ಬರೆಯುತ್ತಿದ್ದವಳು. ಎಚ್ಚರವಾದಾಗ ಮಸಿ ಮೆತ್ತಿದ ಹೆಬ್ಬೆಟ್ಟನ್ನು ನೋಡಿಕೊಂಡೇ ಇದ್ದಳು. ಅದನ್ನು ಹೊದಿಕೆಗೆ ಒರೆಸುತ್ತ, "ಇನ್ಮ್ಯಾಕೆ ಯಾರ್‍ಗೂ ಹೆಬ್ಬೆಟ್ಟು ಕೊಡಕಿಲ್ಲ ಕಣೇ" ಎಂದಳು.

ಗಾಯ ಮಾಗುವ ತನಕ ಇರಲಿ ಎಂದು ಹೊಂಗನೂರಿನವರು ಅವಳನ್ನೂ ನಿನ್ನನ್ನೂ ಇಲ್ಲಿಗೆ ಕಳಿಸಿದರು. ಗಾಯ ಮಾಗಿತು. ಕರೆಯಲು ಯಾರೂ ಬರಲಿಲ್ಲ. ನಿನ್ನನ್ನು ಇಲ್ಲೇ ಒಂದನೇ ಕ್ಲಾಸಿಗೆ ಸೇರಿಸಿದೆವು. ಅಜ್ಜಿ ಫಿಲೇಚರಿನಲ್ಲಿ ರೇಷ್ಮೆ ನೂಲು ತೆಗೆಯಲು ಹೋಗುತ್ತಿದ್ದಳು, ನಾನು ತಾಲ್ಲೂಕು ಕಚೇರಿಯ ಎದುರು ತಾಜ್ ಪಾಷಾ ಅವರ ಜೆರಾಕ್ಸ್ ಅಂಗಡಿಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಅರ್ಜಿ ಟೈಪು ಮಾಡುತ್ತಿದ್ದೆ. ಒಂದು ಸಂಜೆ ನೀನು ಹಜಾರದಲ್ಲಿ ಕೂತು ಅ ಆ ತಿದ್ದುತ್ತಿದ್ದಾಗ, ನಿಮ್ಮವ್ವ ನಿನ್ನ ಪೆನ್ಸಿಲ್ಲು ತೆಗೆದುಕೊಂಡು ಎಡಗೈಯಲ್ಲಿ ತನ್ನ ಹೆಸರು ಬರೆಯಲು ನೋಡಿದಳು. 'ಪ್ರ' ಒಂದು ಕಡೆ ಹೋಯಿತು, 'ತಿ' ಇನ್ನೊಂದು ಕಡೆ. ನೀನು ಕಿಲಕಿಲ ನಕ್ಕೆ. ಅವಳು ನಗಲಿಲ್ಲ. ನನ್ನ ಕಡೆ ತಿರುಗಿ, ಎಡಗೈಗೆ ಆಗುವಂಥ ಗೆರೆ ಹಾಳೆ ಎಲ್ಲಾದರೂ ಸಿಗುತ್ತದಾ ಎಂದು ಕೇಳಿದಳು.

ಪೇಟೆಯಲ್ಲಿ ಸಿಗಲಿಲ್ಲ. ನೋಟುಬುಕ್ಕಿನ ಗೆರೆಗಳು ಅವಳ ಕೈಗೆ ತೀರಾ ಒತ್ತೊತ್ತು. ಮಕ್ಕಳ ನಾಲ್ಕು ಗೆರೆಯ ಕಾಪಿ ಪುಸ್ತಕ ಇಂಗ್ಲಿಷಿಗೆ ಮಾಡಿದ್ದು, ನಮ್ಮ ಒತ್ತಕ್ಷರಕ್ಕೆ ಅದರಲ್ಲಿ ಜಾಗವೇ ಇಲ್ಲ. ಅಂಗಡಿಯಲ್ಲೇ ಮಾಡೋಣ ಎಂದು ಕೂತೆ. ಮೊದಲು ಅಡಿಗೆರೆಯ ಕೀಲಿಯನ್ನು ಒತ್ತಿಹಿಡಿದು ಸಾಲು ಸಾಲಾಗಿ ಎಳೆದೆ. ಪರದೆಯ ಮೇಲೆ ಚೆನ್ನಾಗಿಯೇ ಕಾಣುತ್ತಿತ್ತು, ಆದರೆ ಸಾಲಿನ ತುದಿಗೆ ಬಂದ ಗೆರೆ ಮುರಿದು ತುಂಡೊಂದು ಕೆಳಗಿನ ಸಾಲಿಗೆ ಜಾರಿಬೀಳುತ್ತಿತ್ತು. ಅಂತರ ಹಿಗ್ಗಿಸಿದರೆ ಮತ್ತೆಲ್ಲೋ ಮುರಿಯುತ್ತಿತ್ತು. ಅರ್ಜಿಯವರು ಬಾಗಿಲಲ್ಲಿ ನಿಂತಿದ್ದರೂ ನಾನು ಅದರಲ್ಲೇ ಮುಳುಗಿದ್ದೆ. ತಾಜ್ ಪಾಷಾ ಬೈಯುತ್ತಾರೆಂದುಕೊಂಡರೆ, ಬೆನ್ನ ಹಿಂದೆ ನಿಂತು ನೋಡಿ ಯಾರಿಗೆ ಎಂದು ಕೇಳಿದರು. ಹೇಳಿದೆ. "ಟೇಬಲ್ ಹಾಕಮ್ಮ. ಒಂದೇ ಕಾಲಂ, ಬೇಕಾದಷ್ಟು ಸಾಲು. ಆಮೇಲೆ ಅಕ್ಕಪಕ್ಕದ ಗೋಡೆ ಎರಡೂ ಕೆಡವಿಬುಡು" ಎಂದರು.

ಟೇಬಲ್ಲಿನ ಎರಡು ಬದಿಯ ಗೆರೆ ತೆಗೆದೆ, ಅಡ್ಡಗೆರೆಗಳಷ್ಟೇ ಉಳಿದವು. ಪ್ರತಿ ಸಾಲಿನ ಎತ್ತರವನ್ನು ಅಲ್ಲಾಡದಂತೆ ಕಟ್ಟಿಹಾಕಿದೆ. ಅಕ್ಷರ ಕೂರುವುದಕ್ಕೆ ಎರಡು ದಪ್ಪ ಗೆರೆ, ಮೇಲೆ ಗುಡಿಸಿಗೆ ಒಂದು ತೆಳುವಾದ ಬೂದು ಗೆರೆ, ಕೆಳಗೆ ಒತ್ತಿಗೆ ಚುಕ್ಕಿಗಳ ಗೆರೆ. ಮೊದಲನೇ ಹಾಳೆ ತಂದುಕೊಟ್ಟಾಗ ಇನ್ನೊಂದು ತೊಡಕು ಕಾಣಿಸಿತು. ಬರೆಯುವಾಗ ಹಾಳೆ ಜಾರುತ್ತಿತ್ತು. ಅದನ್ನು ಒತ್ತಿಹಿಡಿಯಲು ಅವಳಿಗೆ ಇದ್ದದ್ದು ಬಲಗೈಯ ಮೊಂಡು. ಅದನ್ನಿಟ್ಟರೆ ಗೆರೆಗಳೇ ಮುಚ್ಚಿಹೋಗುತ್ತಿದ್ದವು. ಮಾರನೆಯ ದಿನ ಎಡಗಡೆಯ ಅಂಚನ್ನು ತೆಗೆದು ಬಲಗಡೆ ಅಂಗೈ ಅಗಲ ಜಾಗ ಖಾಲಿ ಬಿಟ್ಟೆ. ಆ ಖಾಲಿ ಜಾಗದಲ್ಲಿ ಮೊಂಡನ್ನು ಊರಿಕೊಂಡು ನಿಮ್ಮವ್ವ ಮೊದಲ ಸಲ ಒಂದು ಸಾಲನ್ನು ತುದಿ ಮುಟ್ಟಿಸಿದಳು.

ಜೆರಾಕ್ಸ್ ಮಾಡಿದರೆ ಚುಕ್ಕಿ ಗೆರೆ ಅಳಿಸಿಹೋಗುತ್ತಿತ್ತು, ಹಾಗಾಗಿ ಒಂದೊಂದು ಹಾಳೆಯನ್ನೂ ಪ್ರಿಂಟೇ ತೆಗೆಯಬೇಕು. ನಿನಗೂ ಅಂಥದ್ದೇ ಬೇಕೆಂದು ನೀನು ಹಟ ಮಾಡಿದೆ. ನಿನಗೆ ಎಡಕ್ಕೆ ಅಂಚು, ಅವ್ವನಿಗೆ ಬಲಕ್ಕೆ. ಸಂಜೆ ನೀವಿಬ್ಬರೂ ಚಾಪೆಯ ಮೇಲೆ ಬೋರಲು ಮಲಗಿ ಬರೆಯುತ್ತಿದ್ದಿರಿ. ನಿನ್ನದು ಬೇಗ ಮುಗಿಯುತ್ತಿತ್ತು. ಆಮೇಲೆ ಅವಳ ಹಾಳೆಗೆ ಇಣುಕಿ, "ಅವ್ವ, ನಿನ್ ಕೊಂಬು ಕೆಳಕ್ಕೆ ಬಿದ್ದೋಯ್ತು" ಎಂದು ರಬ್ಬರು ತೆಗೆದುಕೊಡುತ್ತಿದ್ದೆ. ಅವಳು ಅಳಿಸಿ ಮತ್ತೆ ಬರೆಯುತ್ತಿದ್ದಳು. ಕೈ ಹದಕ್ಕೆ ಬಂದಂತೆ ನಾನು ಸಾಲಿನ ಎತ್ತರವನ್ನು ಒಸಿ ಒಸಿ ಇಳಿಸುತ್ತ ಬಂದೆ. ಹೇಳದೆ ಇಳಿಸಿದರೂ ಅವಳಿಗೆ ಗೊತ್ತಾಗುತ್ತಿತ್ತು. ನನ್ನ ಮುಖ ನೋಡಿ ಮುಂದಿನ ಸಾಲಿಗೆ ಹೋಗುತ್ತಿದ್ದಳು. ಅವಳ ಜೊತೆ ಕಳೆದ ಒಳ್ಳೆಯ ದಿನಗಳೆಂದರೆ ನನಗೆ ಅವೇ.

ಆಗಲೇ ಹೊಂಗನೂರಿನಿಂದ ಮಾತುಕತೆಗೆ ಬರಬೇಕೆಂದು ಹೇಳಿಕಳಿಸಿದರು. ಎರಡೂ ಕಡೆಯವರಿಗೆ ಹತ್ತಿರವಾಗಲೆಂದು ಕೆಂಗಲ್ಲಿನ ಆಂಜನೇಯನ ಗುಡಿಯ ಹತ್ತಿರ ಸೇರುವುದೆಂದಾಯಿತು. ನಿನ್ನನ್ನು ತಾಜ್ ಪಾಷಾ ಅವರ ಮನೆಯಲ್ಲಿ ಬಿಟ್ಟು ಹೋದೆವು, ಹಾಗಾಗಿ ನಿನಗೆ ಅದರ ನೆನಪಿಲ್ಲ. ಆ ಕಡೆಯಿಂದ ನಿಮ್ಮ ತಾತ ಕೃಷ್ಣಪ್ಪ, ನಿಮ್ಮಪ್ಪ, ಊರಿನ ಯಜಮಾನ ಕೆಂಪಯ್ಯ ಬಂದಿದ್ದರು. ಈ ಕಡೆಯಿಂದ ನಾವು ಮೂವರು ಹೆಂಗಸರು. ಗುಡಿಯ ಪಕ್ಕದ ಮರದ ಕಟ್ಟೆಯ ಮೇಲೆ ಕೂತೆವು.

ಕಾಗದ ಅವರೇ ಬರೆಸಿಕೊಂಡು ಬಂದಿದ್ದರು. ಕೆಂಪಯ್ಯ ಓದಿದರು. ಪ್ರತಿಮಾ ಸ್ವಂತ ಇಷ್ಟದಿಂದ ಗಂಡನ ಮನೆ ಬಿಟ್ಟಿದ್ದಾಳೆ, ಮಗಳನ್ನು ತಂದೆಗೆ ಒಪ್ಪಿಸಿದ್ದಾಳೆ, ಇನ್ನು ಮುಂದೆ ಅವಳಿಗೆ ಯಾವ ಹಕ್ಕೂ ಇಲ್ಲ. ಇಷ್ಟೇ. ಅಜ್ಜಿ ಕೃಷ್ಣಪ್ಪನವರ ಮುಂದೆ ಕೈಮುಗಿದಳು. ಅವರು ಗದರಲಿಲ್ಲ, ಕೆಟ್ಟ ಮಾತನ್ನೂ ಆಡಲಿಲ್ಲ. "ನೋಡವ್ವ ಸಿದ್ದಮ್ಮ, ಒಂದ್ ಕೈಲಿ ಮಗ ಸಾಕಕ್ಕಾಯ್ತದಾ? ಹೆಣ್ಮಗ. ನಮ್ಮನೇಲಿ ಅನ್ನ ಐತೆ, ನೋಡ್ಕೊಳೋರವ್ರೆ" ಎಂದರು. ಕೆಂಪಯ್ಯ ಮಸಿಯ ಡಬ್ಬಿಯ ಮುಚ್ಚಳ ತೆಗೆದು ಅಕ್ಕನ ಕಡೆ ಸರಿಸಿದರು. ಎಡಗೈಯದಾದರೂ ನಡೆಯುತ್ತದೆ ಎಂದರು.

ಅಕ್ಕ ನಿಮ್ಮಪ್ಪನನ್ನು ನೋಡಿದಳು. "ನೀನಾದ್ರೂ ಒಂದ್ ಮಾತಾಡು" ಎಂದಳು. ನಿಮ್ಮಪ್ಪ ನೆಲ ನೋಡುತ್ತಿದ್ದ. "ಅಪ್ಪ ಹೇಳ್ದಂಗೆ" ಎಂದ. ಅಷ್ಟೇ ಅವನು ಅಂದು ಆಡಿದ ಮಾತು.

ಅಕ್ಕ ಡಬ್ಬಿಯ ಮುಚ್ಚಳವನ್ನು ತಾನೇ ಹಾಕಿದಳು. "ಹೆಬ್ಬೆಟ್ಟು ಬ್ಯಾಡ. ಪೆನ್ನು ಕೊಡಿ."

ರುಜು ಮಾಡುತ್ತಾಳೆಂದು ಕೆಂಪಯ್ಯ ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಅವಳು ಕಾಗದವನ್ನು ಕಟ್ಟೆಯ ಮೇಲಿಟ್ಟು, ಬಲಗೈಯ ಮೊಂಡನ್ನು ಅದರ ಮೇಲೆ ಊರಿ, ಕೆಳಗಿನ ಖಾಲಿ ಜಾಗದಲ್ಲಿ ಬರೆಯಲು ಶುರುಮಾಡಿದಳು. ಆ ಕಾಗದದಲ್ಲಿ ಗೆರೆಗಳಿರಲಿಲ್ಲ. ಸಾಲು ಮೇಲಕ್ಕೆ ಏರುತ್ತ ಹೋಯಿತು. ಹೆಸರು ಬರೆಯಲು ಇಷ್ಟು ಹೊತ್ತೇಕೆಂದು ಕೃಷ್ಣಪ್ಪನವರು ಬಗ್ಗಿ ನೋಡಿದರು. ತೆಂಗಿನಕಾಯಿ ಒಡೆಸಿಕೊಂಡು ಬಂದವರು ಒಂದಿಬ್ಬರು ನಿಂತು ನೋಡಿದರು. ಅವಳ ಹಣೆಯಿಂದ ಬೆವರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಅವಳಿಗೆ ಬಿಡುವಿರುವ ಕೈ ಇರಲಿಲ್ಲ. ನಾನು ಸೆರಗಿನಿಂದ ಒರೆಸಿದೆ. ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿ, ಕಾಗದದ ಜೊತೆ ಕೆಂಪಯ್ಯನವರ ಕೈಗೆ ಕೊಟ್ಟಳು. ಅವರು ಮನಸ್ಸಿನಲ್ಲೇ ಓದಿಕೊಂಡು, ಆಮೇಲೆ ಎಲ್ಲರಿಗೂ ಕೇಳುವಂತೆ ಓದಿದರು: "ನನ್ನ ಮಗಳನ್ನು ನಾನು ಯಾರಿಗೂ ಕೊಡುವುದಿಲ್ಲ. ಪ್ರತಿಮಾ."

ಕೃಷ್ಣಪ್ಪನವರು ಆ ಕಾಗದವನ್ನು ಹರಿದು ಎಸೆದರು. ಹಾಗಾಗಿ ನಿನಗೆ ತೋರಿಸಲು ನನ್ನ ಹತ್ತಿರ ಏನೂ ಇಲ್ಲ ಭಾನು. ಕೆಂಪಯ್ಯನವರೂ ಈಗಿಲ್ಲ. ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತಿದ್ದೇನೆ, ನಂಬುವುದು ನಿನಗೆ ಬಿಟ್ಟದ್ದು. ಮುಂದಿನ ವರ್ಷ ನಿಮ್ಮಪ್ಪ ಇನ್ನೊಂದು ಮದುವೆ ಮಾಡಿಕೊಂಡ. ಅವನ ಮನಸ್ಸಿನಲ್ಲಿ ಆ ಕಾಗದ ಹೇಗೆ ಹೆಬ್ಬೆಟ್ಟಾಯಿತೋ ನನಗೆ ತಿಳಿಯದು. ಹಾಗೆ ನೆನಪಿಟ್ಟುಕೊಂಡರೆ ಬದುಕುವುದು ಸುಲಭವೇನೋ.

ಕಥೆ ಇಲ್ಲಿಗೇ ನಿಂತಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಅಜ್ಜಿಗೆ ಫಿಲೇಚರಿನ ಹಬೆಗೆ ಉಸಿರು ಕಟ್ಟತೊಡಗಿ ಮನೆಯಲ್ಲಿ ಕೂತಳು. ಅಕ್ಕ ಮತ್ತೆ ಅದೇ ಕಂಪನಿಯ ಬಸ್ಸು ಹತ್ತಿದಳು. ಕಂಟ್ರಾಕ್ಟರ್ ಕನಿಕರ ತೋರಿದವನಂತೆ ಪ್ಯಾಕಿಂಗಿನಲ್ಲಿ ಜಾಗ ಕೊಟ್ಟ. ನಿಂತುಕೊಂಡೇ ಮಾಡುವ ಕೆಲಸ. ಹೋದ ಬೆರಳುಗಳು ನೋಯುತ್ತಿದ್ದವು. ನಮಗೆ ಅದು ಅರ್ಥವಾಗುತ್ತಿರಲಿಲ್ಲ. "ಇಲ್ದೇ ಇರೋ ಬೆರಳು ಉರೀತವೆ ಕಣೇ, ಕೆಂಡದ ಮೇಲಿಟ್ಟಂಗೆ" ಎನ್ನುತ್ತಿದ್ದಳು. ಮೆಡಿಕಲ್ಲಿನಲ್ಲಿ ಕೇಳಿದರೆ ನೋವಿನ ಮಾತ್ರೆ ಕೊಡುತ್ತಿದ್ದರು. ಬೆಳಗ್ಗೆ ಒಂದು ನುಂಗಿ ಹೋಗುತ್ತಿದ್ದಳು, ಮಧ್ಯಾಹ್ನ ಇನ್ನೊಂದು. ಹೀಗೇ ವರ್ಷಗಳು ಕಳೆದವು. ನೀನು ಮಿಡ್ಲ್ ಸ್ಕೂಲಿಗೆ ಬಂದೆ. ಅವಳ ಕಾಲು ಊದಿದಾಗ ನಿಂತು ನಿಂತು ಹಾಗಾಗಿದೆ ಎಂದುಕೊಂಡೆವು. ಮುಖ ಊದಿದಾಗ ಡಾಕ್ಟರ ಹತ್ತಿರ ಹೋದೆವು. ಮೂತ್ರಪಿಂಡ ಎರಡೂ ಹೋಗಿವೆ, ಮಾತ್ರೆಗಳೇ ತಿಂದುಹಾಕಿವೆ ಎಂದರು.

ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಡಯಾಲಿಸಿಸ್ಸಿಗೆಂದು ನಾನು ಅವಳನ್ನು ಬಸ್ಸಿನಲ್ಲಿ ಕರೆದೊಯ್ಯುತ್ತಿದ್ದೆ. ಪಾಳಿ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ವಾಪಸು. ಕೊನೆಯ ಸಲವೂ ಪಾಳಿ ಸಿಗದೆ ವಾಪಸು ಬರುತ್ತಿದ್ದೆವು. ಸಂಜೆ ಶಿಫ್ಟು ಬಿಡುವ ಹೊತ್ತು, ಬಿಡದಿಯಲ್ಲಿ ವಾಹನಗಳು ಸಿಕ್ಕಿಕೊಂಡು ನಿಂತಿದ್ದವು. ನಮ್ಮ ಬಸ್ಸಿನ ಪಕ್ಕಕ್ಕೇ ಅವಳ ಕಂಪನಿಯ ಬಸ್ಸು ಬಂದು ನಿಂತಿತು. ಕಿಟಕಿಯ ಹೆಂಗಸರು ಅವಳನ್ನು ಗುರುತು ಹಿಡಿದು ಕೂಗಿದರು, ಹೇಗಿದ್ದೀಯೆಂದು ಕೈಬೀಸಿ ಕೇಳಿದರು. ಮನೆಯ ಹೊರಗೆ ಅವಳು ಬಲಗೈಯನ್ನು ಸೆರಗಿನಿಂದ ಹೊರಗೆ ತೆಗೆಯುತ್ತಲೇ ಇರಲಿಲ್ಲ. ಅಂದು ತೆಗೆದಳು. ಕಿಟಕಿಯಿಂದ ಹೊರಚಾಚಿ, ಆ ಬೆರಳಿಲ್ಲದ ಕೈಯನ್ನೇ ಬೀಸಿದಳು. ಆ ಬಸ್ಸಿನಲ್ಲಿ ಒಬ್ಬೊಬ್ಬರೇ ಕೈ ಇಳಿಸಿದರು. ಇವಳು ಇಳಿಸಲಿಲ್ಲ. ದಾರಿ ತೆರವಾಗಿ ಎರಡೂ ಬಸ್ಸು ಹೊರಡುವವರೆಗೂ ಬೀಸುತ್ತಲೇ ಇದ್ದಳು.

ಆ ವಾರದಲ್ಲೇ ಹೋದಳು. ನೀನು ಅವಳ ಪಕ್ಕದಲ್ಲಿ ಮಲಗಿದ್ದೆ. ಅಂದಿನದನ್ನು ನಾನು ನಿನಗೆ ಹೇಳಬೇಕಿಲ್ಲ.

ಭಾನು, ನಿಮ್ಮಪ್ಪ ಕರೆದರೆ ಹೊಂಗನೂರಿಗೆ ಹೋಗಿ ಬಾ. ನಾನು ತಡೆಯುವುದಿಲ್ಲ, ಅಜ್ಜಿಯೂ ತಡೆಯಬಾರದೆಂದು ಅವಳಿಗೆ ಹೇಳಿದ್ದೇನೆ. ಅಲ್ಲಿ ನಿನ್ನ ಇನ್ನೊಬ್ಬ ಅಜ್ಜಿ ವೆಂಕಟಲಕ್ಷ್ಮಮ್ಮ ಇದ್ದಾರೆ. ಅಕ್ಕನ ಬಾಣಂತನವನ್ನು ಹೆತ್ತ ತಾಯಿಗಿಂತ ಚೆನ್ನಾಗಿ ಮಾಡಿದವರು, ನಿನಗೆ ಮೊದಲ ನೀರು ಹಾಕಿದವರು. ಅಕ್ಕ ಸತ್ತಾಗ ಮನೆಯವರಿಗೆ ಹೇಳದೆ ಒಬ್ಬರೇ ಬಸ್ಸು ಹತ್ತಿ ಬಂದು, ಮಣ್ಣಾಗುವವರೆಗೂ ಇದ್ದು ಹೋದರು. ಅವರ ಕಾಲು ಮುಟ್ಟಿ ನಮಸ್ಕಾರ ಮಾಡು. ನಿಮ್ಮಪ್ಪನ ಜೊತೆ ಜಗಳಕ್ಕೆ ನಿಲ್ಲಬೇಡ. ಕೇಳಬೇಕೆನ್ನಿಸಿದ್ದನ್ನು ಮಾತ್ರ ನೇರವಾಗಿ ಕೇಳು, ಅವನು ನೆಲ ನೋಡಿದರೆ ನೋಡಲಿ. ಕೇಳಿ ಮನೆಗೆ ಬಾ. ಎಷ್ಟು ಹೊತ್ತಾದರೂ ನಾವು ಉಣ್ಣದೆ ಕಾದಿರುತ್ತೇವೆ.

ನಿನ್ನ ಎರಡೂ ಕೈ ತುಂಬ ಕೆಲಸವಿರಲಿ, ನೋವಿಲ್ಲದಿರಲಿ ಎಂದು ಹರಸುವ

ನಿನ್ನ ಚಿಕ್ಕಮ್ಮ
ಹೊಂಬಾಳೆ