ನೀನು ನಕ್ಕ ಪುಟಗಳು

ಪ್ರೀತಿಯ ಲತೀಫಾ,

ಇವತ್ತು ಬೆಳಿಗ್ಗೆ ದೇವದುರ್ಗದಿಂದ ಬರುವ ದಾರಿಯಲ್ಲಿ ಜಾಲಿ ಗಿಡಗಳ ಮುಳ್ಳಿಗೆಲ್ಲ ಹತ್ತಿ ಸಿಕ್ಕಿಕೊಂಡಿತ್ತು. ಹತ್ತಿ ಲಾರಿಗಳು ಸವರಿಕೊಂಡು ಹೋದ ಮಗ್ಗುಲಿಗೆ ಮಾತ್ರ. ಹೊಲದ ಕಡೆಯ ಮಗ್ಗುಲು ಎಂದಿನಂತೆ ಬರೀ ಮುಳ್ಳು. ಬಸ್ಸಿನಲ್ಲಿ ಬೇರೆ ಯಾರೂ ಅದನ್ನು ನೋಡಿದಂತೆ ಕಾಣಲಿಲ್ಲ. ಇಂಥದ್ದನ್ನೆಲ್ಲ ನಾನು ನಿನಗೊಬ್ಬಳಿಗೇ ಹೇಳುತ್ತಿದ್ದೆ. ಈಗ ಯಾರಿಗೆ ಹೇಳಬೇಕೋ ತಿಳಿಯದೆ ಬಿ.ಎಡ್. ತರಗತಿಯ ಹಿಂದಿನ ಬೆಂಚಿನಲ್ಲಿ ಕೂತು ಬರೆಯುತ್ತಿದ್ದೇನೆ.

ರಾಯಚೂರಿನ ಮಾವಿನ ಕೆರೆಯ ದಂಡೆಗೆ ನಾವು ನಾಲ್ವರು ಭಾನುವಾರ ಸೇರುತ್ತಿದ್ದುದು, ನೀನು ಹೋಗಿ ಮೂವರಾದ ಮೇಲೂ ನಿಂತಿಲ್ಲ. ಆದರೆ ಮಾತು ಮೊದಲಿನ ಹಾಗೆ ಹೊರಳುವುದಿಲ್ಲ. ಮೊದಲು ಒಂದು ಕಾದಂಬರಿಯಿಂದ ಹೊರಟು ಭಾಗ್ಯಜ್ಯೋತಿಯ ಶಾಲೆಯ ಹೆಡ್‌ಮಾಸ್ತರರನ್ನು ಮುಟ್ಟಿ, ತಲೆಗೆ ಹಚ್ಚುವ ಎಣ್ಣೆಗೆ ಬಂದು, ತಿರುಗಿ ಕಾದಂಬರಿಗೆ ಹೋಗುತ್ತಿತ್ತು. ಚಂದ್ರಬಂಡದಲ್ಲಿ ಪಾಠ ಮಾಡಿ ದಣಿದ ಭಾಗ್ಯಜ್ಯೋತಿಗೆ ಆತ್ಮಕಥೆಗಳು ಮಾತ್ರ ಬೇಕು. ಔಷಧದ ಅಂಗಡಿಯ ಪ್ರಭುರಾಜನಿಗೆ ಕೊಲೆಯಿಲ್ಲದ ಪುಸ್ತಕ ಪುಸ್ತಕವೇ ಅಲ್ಲ. ನೀನೋ, ಯಾವ ಪುಸ್ತಕ ಕೈಗೆ ಬಂದರೂ ಮೊದಲು ಕೊನೆಯ ಪುಟ ಓದುವವಳು. "ಮೊದಲು ಎಲಿ-ಅಡಿಕಿ ಹಾಕ್ಕೊಂಡು ಆಮ್ಯಾಲ ಉಣ್ಣಾಕಿ ನೀ," ಎಂದು ಪ್ರಭುರಾಜ ಹಂಗಿಸುತ್ತಿದ್ದ. ನೀನು ಮಂಡಾಳ ಒಗ್ಗರಣೆ ಅಗಿಯುತ್ತಲೇ ಹೇಳಿದ್ದೆ: "ಸಾಯೋದು ಯಾರಂತ ಮೊದಲೇ ಗೊತ್ತಿದ್ರ, ಅವರ ಕೂಡ ಒಂಚೂರು ಛಲೋ ಇರಬಹುದಲ್ಲಪಾ." ನಾನು ಇವನ್ನೆಲ್ಲ ಕೇಳಿಸಿಕೊಳ್ಳುತ್ತ ಮಿರ್ಚಿ ತಿನ್ನುತ್ತಿದ್ದೆ. "ಮಾತಾಡದಾಕಿನ ಎಲ್ಲಾ ಖಾಲಿ ಮಾಡತಾಳ ನೋಡ್ರಿ," ಎಂದು ನೀನು ನನ್ನ ತಟ್ಟೆಗೆ ಕೈ ಹಾಕುತ್ತಿದ್ದೆ.

ಉಳಿದಿಬ್ಬರಿಗೆ ಗೊತ್ತಿಲ್ಲದ ಒಂದು ಹೊತ್ತು ನಮಗಿತ್ತು. ನಿನ್ನ ಮಾನ್ವಿ ಬಸ್ಸೂ ನನ್ನ ದೇವದುರ್ಗದ ಬಸ್ಸೂ ಬೇಗ ಬರುತ್ತಿದ್ದವು. ಅವರು ಬರುವ ತನಕ ನಾವು ಒಂದೇ ಪುಸ್ತಕವನ್ನು ಇಬ್ಬರ ತೊಡೆಯ ಮೇಲೂ ಹರಡಿಕೊಂಡು ಓದುತ್ತಿದ್ದೆವು. ನಾನು ಬೇಗ ಓದಿ ಮುಗಿಸಿ ನಿನ್ನ ಮುಖ ನೋಡುತ್ತಿದ್ದೆ. ನಗು ಬರುವ ಮೊದಲು ನೀನು ದುಪಟ್ಟಾದ ಅಂಚನ್ನು ಬಾಯಿಗೆ ಒತ್ತಿಕೊಳ್ಳುತ್ತಿದ್ದೆ. ಯಾವ ಸಾಲಿಗೆ ಒತ್ತಿಕೊಂಡೆ, ಯಾವ ಸಾಲಿಗೆ ತಡೆಯಲಾಗದೆ ಬಿಟ್ಟೆ, ಎಲ್ಲ ನನಗೆ ಗೊತ್ತು. ಎಮ್ಮೆ ಕಳೆದುಕೊಂಡ ಮಾಸ್ತರನ ಕಥೆಯಲ್ಲಿ, ಅವನು ಊರೂರು ಅಲೆದು ಕೊನೆಗೆ ಎಮ್ಮೆಯನ್ನು ಗುರುತು ಹಿಡಿಯಲಾಗದೆ, ಎಮ್ಮೆಯೇ ಅವನನ್ನು ಗುರುತಿಸುವಲ್ಲಿ, ನೀನು ನಕ್ಕು ಕೆಮ್ಮು ಬಂದು ನಾನು ಬೆನ್ನು ತಟ್ಟಬೇಕಾಯಿತು.

ಆಮೇಲೆ ಕಾಮಾಲೆ ಎಂದರು, ನಾಟಿ ಔಷಧ ಎಂದರು, ರಾಯಚೂರಿನ ಆಸ್ಪತ್ರೆಗೆ ತಂದರು. ಅಷ್ಟರಲ್ಲಿ ಹೊತ್ತು ಮೀರಿತ್ತು. ನೀನು ಕೊನೆಯ ಪುಟ ಮೊದಲೇ ಓದಿದ್ದೆ, ಅದಕ್ಕೇ ನಮ್ಮೆಲ್ಲರ ಜೊತೆ ಅಷ್ಟು ಚೆನ್ನಾಗಿದ್ದೆ ಎಂದು ಪ್ರಭುರಾಜ ಒಮ್ಮೆ ಹೇಳಿದ. ಭಾಗ್ಯಜ್ಯೋತಿ ಕಣ್ಣೊರೆಸಿಕೊಂಡಳು. ನನಗೆ ಸಿಟ್ಟು ಬಂತು, ಎಂದಿನಂತೆ ಹೊರಗೆ ಬರಲಿಲ್ಲ. ನಿನಗೆ ಏನೂ ಗೊತ್ತಿರಲಿಲ್ಲ. ಮುಂದಿನ ವಾರಕ್ಕೆಂದು ನನ್ನಿಂದ ಪುಸ್ತಕ ಕೇಳಿದ್ದೆ. ಈದಿಗೆ ಹಸಿರು ಬಳೆಯೋ ಕೆಂಪು ಬಳೆಯೋ ಎಂದು ಫೋಟೊ ಕಳಿಸಿದ್ದೆ. ಅಂದವಾದ ಮಾತಿಗಾಗಿ ನಿನ್ನ ಸಾವನ್ನು ಹಾಗೆ ಜೋಡಿಸಿಡುವುದು ನನಗೆ ಬೇಡ.

ನೀನು ಹೋದ ನಲವತ್ತನೆಯ ದಿನದ ಫಾತಿಹಾ ಪ್ರಾರ್ಥನೆ ಮುಗಿದ ಮೇಲೆ ಮೂವರೂ ಮಾನ್ವಿಗೆ ಹೋಗಿದ್ದೆವು. ನಿನ್ನ ಅಮ್ಮಿ ರಜಿಯಾ ಬೇಗಂ ಪುಸ್ತಕಗಳನ್ನು ಒಯ್ಯಿರಿ ಎಂದು ಹೇಳಿಕಳಿಸಿದ್ದರು. ಪ್ರಭುರಾಜ ದೊಡ್ಡ ಚೀಲ ತಂದಿದ್ದ. ಅಮ್ಮಿ ಹೊಲಿಗೆ ಯಂತ್ರವನ್ನು ಗೋಡೆಗೆ ಸರಿಸಿ ಚಾಪೆ ಹಾಸಿದರು, ನಿನ್ನ ಟ್ರಂಕು ತೆರೆದು ದೂರ ಕೂತರು. ನಾವು ಸಾವಿನ ಮನೆಯಲ್ಲಿ ಹೇಗಿರಬೇಕೋ ಹಾಗೆಯೇ ಇದ್ದೆವು, ಸ್ವಲ್ಪ ಹೊತ್ತು. ಆಮೇಲೆ ಪ್ರಭುರಾಜನಿಗೆ ಅವನೇ ನಿನಗೆ ಕೊಟ್ಟಿದ್ದ ಪತ್ತೇದಾರಿ ಕಾದಂಬರಿ ಸಿಕ್ಕಿತು. ಕೊನೆಯ ಪುಟ ಮಾತ್ರ ಮಾಸಿತ್ತು, ಉಳಿದದ್ದೆಲ್ಲ ಹೊಸದು. "ಮೋಸಗಾತಿ, ಇದನ್ನ ಓದೇ ಇಲ್ಲ," ಎಂದ. ಅವನ ಪುಸ್ತಕಗಳಲ್ಲಿ ಕೊಲೆಗಾರ ಯಾರೆಂದು ಮೊದಲ ಪುಟದಲ್ಲೇ ತಿಳಿಯುತ್ತದೆ, ಯಾಕೆ ಓದಬೇಕು ಎಂದು ಭಾಗ್ಯಜ್ಯೋತಿ ಕೆಣಕಿದಳು. ಅವನು ಬಿಡಲಿಲ್ಲ, ಅವಳೂ ಬಿಡಲಿಲ್ಲ, ಕೆರೆ ದಂಡೆಯ ದನಿಗಳು ಆ ಸಣ್ಣ ಕೋಣೆ ತುಂಬಿದವು. ಅವಳು ಜೋರಾಗಿ ನಕ್ಕ ಮೇಲೆ ನಾವೆಲ್ಲಿದ್ದೇವೆಂದು ಗೊತ್ತಾಯಿತು.

ಪ್ರಭುರಾಜ ತಲೆ ತಗ್ಗಿಸಿ, "ತಪ್ಪಾತ್ರೀ ಅಮ್ಮಾ," ಎಂದ.

"ನಿಲ್ಲಿಸಬ್ಯಾಡ್ರಿ ಬೇಟಾ," ಎಂದರು ಅಮ್ಮಿ. "ಮನಿಯಾಗ ಈ ಮಾತು ಕೇಳಲಾರದ ಎಷ್ಟು ದಿನ ಆತು. ಫೋನಿನ್ಯಾಗ ಹಿಂಗ ಜಗಳಾಡತಿದ್ಲು ನಿಮ್ಮ ಕೂಡ."

ಆಗ ಅವರು ನನ್ನ ಕಡೆ ತಿರುಗಿದರು. ಉರ್ದು ಬಿಟ್ಟರೆ ಬೇರೆ ಓದಲು ಬಾರದ ಅವರು ನಿನ್ನ ಮಗ್ಗುಲಲ್ಲಿ ಬಟ್ಟೆ ಹೊಲಿಯುತ್ತ, ನೀನು ಒಬ್ಬಳೇ ನಗುವುದನ್ನು ವರ್ಷಗಟ್ಟಲೆ ಕೇಳಿದವರು. ಏನೆಂದು ಕೇಳಿದರೆ ನೀನು, ಹೇಳಿದರೆ ಅದರ ರುಚಿ ಕೆಡುತ್ತದೆ ಅನ್ನುತ್ತಿದ್ದೆಯಂತೆ.

"ನಾ ಎಲ್ಲೆಲ್ಲಿ ನಗತೀನಂತ ಮಲ್ಲಿಗೆ ಗೊತ್ತದ ಅಂತಿದ್ಲು. ನೀನ ಹೌದಲ್ಲ ಮಲ್ಲಿ? ಎಲ್ಲಾ ಓದೋದು ಬ್ಯಾಡವಾ. ಆಕಿ ನಕ್ಕಲ್ಲಿ ಅಷ್ಟ ಓದು."

ಮಾಸ್ತರನ ಎಮ್ಮೆಯ ಪುಟ ತೆಗೆದೆ. ಬಾಯಿಯೂ ತೆರೆದೆ. ದನಿ ಬರಲಿಲ್ಲ, ಲತೀಫಾ. ಕಾಲೇಜಿನಲ್ಲಿ ಪಾಠ ಮಾಡಲು ನಿಂತಾಗ ಆಗುವ ಹಾಗೆಯೇ ಆಯಿತು. ಭಾಗ್ಯಜ್ಯೋತಿ ಪುಸ್ತಕ ತೆಗೆದುಕೊಂಡು ಸೊಗಸಾಗಿ ಓದಿದಳು. ಅಮ್ಮಿ ಮರ್ಯಾದೆಗೆ ತಲೆಯಾಡಿಸುತ್ತ, ಮುಗಿಯುವ ತನಕ ನನ್ನ ಮುಖವನ್ನೇ ನೋಡುತ್ತಿದ್ದರು, ಎಲ್ಲಿ ಎಲ್ಲಿ ಎಂದು ಕೇಳುವಂತೆ. ನೀನು ನಕ್ಕ ಸಾಲು ಬಂದು ಹೋಯಿತು. ನಾನು ಹೇಳಲಿಲ್ಲ. ಪುಸ್ತಕಗಳನ್ನು ಚೀಲಕ್ಕೆ ಹಾಕಲು ಯಾರಿಗೂ ಕೈ ಏಳಲಿಲ್ಲ. ಖಾಲಿ ಚೀಲ ಮಡಚಿಕೊಂಡು ವಾಪಸು ಬಂದೆವು.

ಅವತ್ತಿನಿಂದ ಒಂದೇ ಯೋಚನೆ. ಆ ಪುಸ್ತಕಗಳು ಯಾವ ಅಂಗಡಿಯಲ್ಲೂ ಸಿಗುತ್ತವೆ. ನೀನು ಎಲ್ಲಿ ನಕ್ಕೆ ಎನ್ನುವುದು ನನ್ನ ಹತ್ತಿರ ಮಾತ್ರ ಇದೆ, ಮತ್ತು ನಾನು ಬಾಯಿ ಮುಚ್ಚಿಕೊಂಡೇ ಇದ್ದರೆ ಅದು ನಿನ್ನ ಹಿಂದೆಯೇ ಹೋಗುತ್ತದೆ. ಹೇಗೆ ಓದಲಿ ಎಂದು ಗೊತ್ತಿಲ್ಲ. ಎಮ್ಮೆಯ ಕಥೆಯ ಇನ್ನೊಂದು ಪ್ರತಿ ಕೊಂಡು ತಂದು ನಮ್ಮ ಮಾಳಿಗೆಯ ಮೇಲೆ ಒಬ್ಬಳೇ ನಿಂತು ಓದಿ ನೋಡಿದೆ. ದನಿ ನಡುಗಿ, ನಗುವ ಸಾಲು ಅಳುವ ಸಾಲಿನಂತೆ ಕೇಳಿಸಿತು.

ಕೇಳಿಸಲಿ. ಬರುವ ಭಾನುವಾರ ನಾನು ಕೆರೆಗೆ ಹೋಗುವುದಿಲ್ಲ. ರಾಯಚೂರಿನಲ್ಲಿ ಇಳಿದು ಮಾನ್ವಿ ಬಸ್ಸು ಹತ್ತುತ್ತೇನೆ. ಅವರಿಬ್ಬರಿಗೆ ಹೇಳಿಲ್ಲ, ಅವ್ವನಿಗೂ ಹೇಳಿಲ್ಲ. ಅಮ್ಮಿಯ ಹೊಲಿಗೆ ಯಂತ್ರದ ಪಕ್ಕ ಕೂತು ಒಂದು ಪುಟ ಓದುತ್ತೇನೆ, ಸಾಲಿನ ಮೇಲೆ ಬೆರಳಿಟ್ಟು "ಇಲ್ಲಿ" ಅನ್ನುತ್ತೇನೆ. ಮತ್ತೊಂದು ಭಾನುವಾರ ಇನ್ನೊಂದು ಪುಟ.

ನೀನಿರುವ ಕಡೆ ಓದುವಷ್ಟು ಬೆಳಕಿರಲಿ, ಗೆಳತಿ.

ನಿನ್ನ,
ಮಲ್ಲೇಶ್ವರಿ