ಇವತ್ತಿನ ಮಟ್ಟಿಗೆ

ಚಾಮುಂಡಿಪುರ, ಮೈಸೂರು
ಮಂಗಳವಾರ, ೨೪-೧೧-೧೯೬೪

ಪ್ರೇಮಲೀಲಾ,

ಸೊಸೆಗೆ ಆಶೀರ್ವಾದ ಹೇಳಿ ಶುರು ಮಾಡಬೇಕು. ಹೇಳಿದ್ದೇನೆ ಅಂದುಕೋ, ಕೋಪ ಇನ್ನೂ ಇಳಿದಿಲ್ಲ. ಮೂರನೇ ಕ್ಲಾಸಿಗೇ ಸ್ಕೂಲು ಬಿಟ್ಟವಳು ನಾನು. ಅಕ್ಷರ ಸೊಟ್ಟಗಿದೆ ಅಂತ ನಿಮ್ಮಣ್ಣನ ಕೈಯಲ್ಲಿ ಓದಿಸಬೇಡ, ನೀನೇ ಕಷ್ಟಪಟ್ಟು ಓದು.

ನೀನು ಮಗುವನ್ನು ಎತ್ತಿಕೊಂಡು ನಂಜನಗೂಡಿಗೆ ಹೋದ ವಾರವೇ ನಿನ್ನ ಗಂಡ ಮಾರ್ಕೆಟ್ಟಿನ ಹಿಂದೆ ಮೋರಿಯಲ್ಲಿ ಬಿದ್ದಿದ್ದ. ಎತ್ತಿ ಜಟಕಾದಲ್ಲಿ ತಂದವರು ಬಿಂದುಮಾಧವ ಅಂತ, ರೈಲಿನಲ್ಲಿ ಗಾರ್ಡಾಗಿದ್ದು ರಿಟೈರಾದವರು. ಅವರ ಬಿಳಿ ಪಂಚೆಯೆಲ್ಲ ಕೆಸರು. ನಾನು ನಾಚಿಕೊಂಡರೆ, “ಆ ಮೋರಿ ನಂಗೇನು ಹೊಸದಲ್ಲ ಕಣಮ್ಮ. ನಿಮ್ಮ ಮಗನಿಗಿಂತ ಮುಂಚೆ ನಾನಲ್ಲಿ ಸೀಟು ರಿಸರ್ವ್ ಮಾಡಿಸಿದ್ದೆ” ಅಂದರು. ಕುಡಿತ ಬಿಟ್ಟವರು, ಬಿಡಲಾರದೆ ಒದ್ದಾಡುವವರು ಶುಕ್ರವಾರ ಸಂಜೆ ಅವರ ಮನೆಯ ಪಡಸಾಲೆಯಲ್ಲಿ ಸೇರುತ್ತಾರಂತೆ. ಬೊಂಬಾಯಿಯಲ್ಲಿ ಇಂಥ ಕೂಟ ನೋಡಿ ಬಂದು ಇಲ್ಲೂ ಶುರು ಮಾಡಿದ್ದಂತೆ. ನಮ್ಮ ಏಕಾಂತ ಹೋಗಲ್ಲ ಅಂದ. ರಟ್ಟೆ ಹಿಡಿದು ಎಳೆದುಕೊಂಡು ಹೋದೆ. ಒಳಗೆ ಅವರ ಹೆಂಡತಿಯ ಜೊತೆ ಕೂತು ಬಾಗಿಲ ಸಂದಿಯಿಂದ ಎಲ್ಲಾ ಕೇಳಿಸಿಕೊಂಡೆ.

ಭಜನೆ ಇಲ್ಲ, ಉಪದೇಶ ಇಲ್ಲ, ಬರೀ ಕಾಫಿ. ಒಬ್ಬೊಬ್ಬರೂ ಹೆಸರು ಹೇಳಿ “ಇವತ್ತಿನ ಮಟ್ಟಿಗೆ ಕುಡಿದಿಲ್ಲ” ಅನ್ನಬೇಕು. ಕುಡಿದಿದ್ದರೆ ಕುಡಿದೆ ಅನ್ನಬೇಕು, ಯಾರೂ ಬೈಯುವ ಹಾಗಿಲ್ಲ. ಜಟಕಾ ಲಿಂಗಯ್ಯ ಎದ್ದು, “ನಿನ್ನೆ ಕುದ್ರೆ ಸೀದಾ ಗಡಂಗಿಗೇ ಹೋಗ್ಬುಡ್ತು ಸ್ವಾಮಿ, ನಂದೇನೂ ಇಲ್ಲ” ಅಂದ. “ಮುಂದಿನ ವಾರ ಕುದ್ರೆನೂ ಕರ್ಕೊಂಡು ಬಾರೋ, ಅದಕ್ಕೂ ಕಾಫಿ ಕೊಡೋಣ” ಅಂದರು ಗಾರ್ಡು. ಎಲ್ಲರೂ ನಕ್ಕರು. ನನಗೆ ಮೈಯೆಲ್ಲ ಉರಿಯಿತು.

ಕೊನೆಗೆ ನಮ್ಮವನು ಎದ್ದ. ಬೀಟೆಮರದಲ್ಲಿ ಕುಸುರಿ ಕೂರಿಸುವ ಕೈ ನಡುಗುತ್ತದೆ, ಕುಡಿದರೆ ನಿಲ್ಲುತ್ತದೆ, ಅದಕ್ಕೇ ಕುಡಿಯುವುದು ಅಂದ. ಆಮೇಲೆ, “ಹೆಂಡ್ತಿ ಮೇಲೆ ಕೈ ಎತ್ತಿದಾಗ ಮಾತ್ರ ಅದು ನಡುಗ್ಲಿಲ್ಲ” ಅಂದು ಕೂತುಬಿಟ್ಟ. ಯಾರೂ ನಗಲಿಲ್ಲ. ನನ್ನ ಹತ್ತಿರ ಯಾವತ್ತೂ ಇಷ್ಟು ಮಾತಾಡಿದವನಲ್ಲ.

ಅಲ್ಲಿಂದ ಪ್ರತಿ ಶುಕ್ರವಾರ ತಾನಾಗಿಯೇ ಹೋಗುತ್ತಿದ್ದ. ಒಂದು ಸಲ ಜಾರಿದ, ಅಲ್ಲೇ ಹೋಗಿ ಹೇಳಿಕೊಂಡ, ಮತ್ತೆ ನಿಲ್ಲಿಸಿದ. ಆಗ ನೀನು ಹೇಳಿ ಕಳಿಸಿದೆ, ಇನ್ನು ಜನ್ಮದಲ್ಲಿ ಮುಟ್ಟಲ್ಲ ಅಂತ ಮಾತು ಕೊಟ್ಟರೆ ಮಾತ್ರ ಬರುತ್ತೇನೆ ಅಂತ. ಸರಿಯಾಗಿಯೇ ಕೇಳಿದೆ. ಇವತ್ತಿನ ಮಟ್ಟಿಗೆ ಅನ್ನುವುದನ್ನು ನಂಬಿ ಯಾವ ಹೆಂಗಸು ಸಂಸಾರ ಮಾಡುತ್ತಾಳೆ?

ಕಾರ್ತಿಕದ ಮೊದಲ ಸೋಮವಾರ, ಪೂಜೆಗೆ ಕೂತವನ ಅಂಗೈಯಲ್ಲಿ ಲಿಂಗ ಇರುವಾಗಲೇ ಆಣೆ ಮಾಡು ಅಂದೆ. ಗಾರ್ಡು ಮೊದಲೇ ಹೇಳಿದ್ದರು, “ಆಣೆ ಗೀಣೆ ಬೇಡಿ ಅಮ್ಮ. ಕುಡಿದವನು ನಮ್ಮ ಹತ್ರ ವಾಪಸ್ ಬರ್ತಾನೆ. ಆಣೆ ಮುರಿದವನು ಬರೋದಿಲ್ಲ” ಅಂತ. ನಮ್ಮ ಲಿಂಗದ ವಿಚಾರ ಆ ಬ್ರಾಹ್ಮಣರಿಗೇನು ಗೊತ್ತು ಅಂದುಕೊಂಡೆ. ಏಕಾಂತ ಅಂಗೈಯನ್ನು ಎದೆಗೆ ಒತ್ತಿಕೊಂಡ. “ಅವ್ವ, ಇದೊಂದು ಬ್ಯಾಡ ಕಣವ್ವ” ಅಂದ. “ಹೆಂಡ್ತಿ ಮಗು ಬೇಕೋ ಬ್ಯಾಡ್ವೋ?” ಅಂದೆ. ಮಾಡಿದ. ಆಣೆ ಆಯಿತಲ್ಲ, ಇನ್ನು ಆ ಕುಡುಕರ ಜೊತೆ ಯಾಕೆ ಅಂತ ಕೂಟಕ್ಕೆ ಹೋಗುವುದನ್ನೂ ನಾನೇ ಬಿಡಿಸಿದೆ.

ಈಗ ಬಹಳ ಸಾಧುವಾಗಿದ್ದಾನೆ. ಮಾತೇ ಇಲ್ಲ. ಏಲಕ್ಕಿ ಅಗಿಯುತ್ತಾನೆ. ನನಗೆ ನೆಗಡಿ, ಯಾವ ವಾಸನೆಯೂ ತಿಳಿಯುವುದಿಲ್ಲ. ಪೂಜೆಗೆ ನನ್ನ ಎದುರು ಕೂರುವುದಿಲ್ಲ, ಆಗಲೇ ಆಯಿತು ಅನ್ನುತ್ತಾನೆ. ಮೊನ್ನೆ ನಿನ್ನ ಹೊಲಿಗೆ ಮಿಷನ್ನಿಗೆ ಎಣ್ಣೆ ಬಿಟ್ಟು ಬಟ್ಟೆ ಮುಚ್ಚಿದ. ನಿನ್ನೆ ತನ್ನ ಉಳಿಗಳನ್ನೆಲ್ಲ ಮಸೆದು ಜೊತೆಗಾರನಿಗೆ ಕೊಟ್ಟು ಬಂದ. ಯಾಕೋ ಅಂದರೆ, “ನಿಂಗ್ಯಾಕವ್ವ, ಉಣ್ಣು” ಅಂದ. ನೀನು ಬರುವೆ ಅಂತ ಮನೆ ಅಣಿ ಮಾಡುತ್ತಿದ್ದಾನೆ, ಅಷ್ಟೇ.

ಮಾತು ಉಳಿಸಿಕೊಂಡಿದ್ದಾನೆ. ಜಂಬ ಬಿಟ್ಟು ಬೇಗ ಹೊರಟು ಬಾ.

ಇಂತಿ ನಿನ್ನ ಅತ್ತೆ,
ನೀಲಮ್ಮ

ಬುಧವಾರ ಬೆಳಿಗ್ಗೆ: ಕಾಗದ ಡಬ್ಬಿಗೆ ಹಾಕುವ ಮುಂಚೆ ಇದನ್ನೂ ಬರೆಯುತ್ತಿದ್ದೇನೆ. ಅವನು ಹಾಸಿಗೆಯಲ್ಲಿಲ್ಲ. ದೇವರ ಗೂಡಿನಲ್ಲಿ ಅವನ ಲಿಂಗ, ಶಿವದಾರದ ಸಮೇತ ಇದೆ. ಹುಟ್ಟಿದ ಕೂಸಿಗೆ ಕಟ್ಟಿದ್ದು, ಸಾಯುವ ತನಕ ಮೈಯಿಂದ ಇಳಿಯಬಾರದ್ದು. ಗಾರ್ಡಿಗೆ ಹೇಳಿ ಕಳಿಸಿದೆ. ಬಂದು ನೋಡಿದರು, ಲಿಂಗಯ್ಯನ ಜಟಕಾ ಹತ್ತಿ ಕುಕ್ಕರಹಳ್ಳಿ ಕೆರೆ ಕಡೆ ಹೋಗಿದ್ದಾರೆ. ಅವನು ನಂಜನಗೂಡಿಗೇ ಬಂದಿರಬಹುದು. ಬಂದರೆ, ಎಷ್ಟೇ ಕುಡಿದಿರಲಿ, ಬಾಗಿಲು ತೆಗೆದು ಒಳಗೆ ಕರಿ. ಆಣೆ ಬಿಡಿಸಿದ್ದೀನಿ, ಅವ್ವನೇ ಬಿಡಿಸಿದಳು ಅಂತ ಮೊದಲು ಹೇಳು. ಆಮೇಲೆ ಉಣ್ಣಲು ಹಾಕು.