ಮಾವನ್ನು ನೆಲದಿಂದ ಅಗೆದವರು

ಲೀಡ್ಸ್, ೧೪-೨-೧೯೩೭

ಶ್ರೀನಿವಾಸಪುರದ ಭಾರತಕ್ಕನಿಗೆ ತಮ್ಮ ಕದಿರೇಶನ ನಮಸ್ಕಾರ. ನನ್ನ ಕೆಮ್ಮು ವಾಸಿಯಾಗಿದೆ.

ಸ್ಕಾಲರ್‌ಶಿಪ್ಪಿನ ಓದು ಮುಗಿದು, ಈಗ ಇಲ್ಲಿಯ ಕಾಲೇಜಿನಲ್ಲೇ ಕಿರಿಯರಿಗೆ ಮಾವಿನ ರೋಗಗಳ ಪಾಠ ಹೇಳುತ್ತಿದ್ದೇನೆ. ಅವರಲ್ಲಿ ಯಾರೂ ಮಾವನ್ನು ಕಂಡವರಲ್ಲ. ಬೋರ್ಡಿನ ಮೇಲೆ ನಾನು ಬರೆದ ಚಿತ್ರ ನೋಡಿ, ಮಾವನ್ನು ನೆಲದಿಂದ ಅಗೆಯುತ್ತಾರೆಂದು ಒಂಬತ್ತು ಜನ ಪರೀಕ್ಷೆಯಲ್ಲಿ ಬರೆದರು. "ಇನ್ನೊಮ್ಮೆ ಹೀಗಾದರೆ ಪಾಠ ಬೇರೆಯವರಿಗೆ" ಎಂದರು ಪ್ರೊಫೆಸರು.

ನೀನು ಕಳಿಸಿದ್ದ ಆವಕಾಯಿ ಜಾಡಿಯನ್ನೇ ತರಗತಿಗೆ ಒಯ್ದು, ಮರದಲ್ಲಿ ಬಿಡುವ ಮಾವು ಇದೇ ಎಂದು ಎಲ್ಲರಿಗೂ ಒಂದೊಂದು ಹೋಳು ಕೊಟ್ಟೆ. ಮುಖಗಳು ಕೆಂಪಾದಾಗ ಗಾಬರಿಯಲ್ಲಿ ಇಂಗ್ಲಿಷೇ ಮರೆತು, "ಏನೂ ಆಗಲ್ಲ, ನುಂಗ್ರಪ್ಪಾ" ಎಂದೆ. ನುಂಗಿದರು. ಮರುಪರೀಕ್ಷೆಯಲ್ಲಿ ಒಬ್ಬಳ ಹೊರತು ಎಲ್ಲರೂ ಪಾಸಾಗಿ ನನ್ನ ಕೆಲಸ ಉಳಿಯಿತು. ಆ ಹುಡುಗಿ, ಮಾವಿಗೆ ರೋಗವೇ ಬರುವುದಿಲ್ಲ, ಅಷ್ಟು ಖಾರದಲ್ಲಿ ಯಾವ ಹುಳುವೂ ಬದುಕದು ಎಂದು ಬರೆದಿದ್ದಳು.

ಕಾರ್ಡು ತುಂಬಿತು. ಇನ್ನೊಂದು ಜಾಡಿ ಕಳಿಸಕ್ಕ.

ಕದಿರೇಶ